ಆ ಹುಡುಗ ಚೆಂಡು ಕಂಕುಳಲ್ಲಿಟ್ಟುಕೊಂಡು ನಿಂತುಬಿಟ್ಟ

ಬ್ಯಾಸ್ಕೆಟ್‌ಬಾಲ್ ಕೋರ್ಟಿನಿಂದ ಮನೆಗೆ ಬಂದು ಒಂದು ಗಂಟೆಯಾಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಬರೆದೇ ಇಳಿಸಿಕೊಳ್ಳಬೇಕು.

ನಮ್ಮ ಕೋರ್ಟಿಗೆ ದಿನಾ ಬೆಳಿಗ್ಗೆ ಆರಕ್ಕೆಲ್ಲ ಒಬ್ಬ ಹುಡುಗ ಬರುತ್ತಾನೆ, ಹದಿನಾಲ್ಕೋ ಹದಿನೈದೋ ವಯಸ್ಸು. ಎರಡು ಡ್ರಿಬಲ್, ಎಡಗಾಲು ಊರಿ ಹಿಂದಕ್ಕೊಂದು ಜಿಗಿತ, ಮೂರು ಪಾಯಿಂಟಿನ ಗೆರೆಯಾಚೆಯಿಂದ ಶಾಟ್. ಹತ್ತರಲ್ಲಿ ನಾಲ್ಕು ಬೀಳುತ್ತವೆ. ಇವತ್ತು ನಮ್ಮ ಸೀನಿಯರ್ ಒಬ್ಬರು, ನನಗೆ ಆಟ ಹೇಳಿಕೊಟ್ಟವರೇ, ಅವನನ್ನು ನೋಡುತ್ತಾ ಎಲ್ಲರಿಗೂ ಕೇಳುವ ಹಾಗೆ ಅಂದರು: "ಎನ್‌ಬಿಎ ಎಲ್ಲಾ ಜೋರ್ಡಾನ್ ಜೊತೆಗೇ ಮುಗೀತು ಕಣೋ. ಈಗಿನೋರು ಮೈ ಮುಟ್ಟಿದ್ರೆ ಬಿದ್ದೋಗ್ತಾರೆ. ಅವರನ್ನ ನೋಡಿ ಇವೂ ಇದನ್ನೇ ಕಲೀತಿವೆ." ಎನ್‌ಬಿಎ ಅಂದರೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್. ಜೋರ್ಡಾನ್ ಅಂದರೆ ತೊಂಬತ್ತರ ದಶಕದಲ್ಲಿ ಅಲ್ಲಿನ ಚಿಕಾಗೊ ಬುಲ್ಸ್ ತಂಡದ ದಿಗ್ಗಜ ಮೈಕಲ್ ಜೋರ್ಡಾನ್.

ಹುಡುಗ ಚೆಂಡು ಕಂಕುಳಲ್ಲಿಟ್ಟುಕೊಂಡು ನಿಂತುಬಿಟ್ಟ. ಆಮೇಲೆ ಹಿಂದಕ್ಕೆ ಜಿಗಿದು ಹೊಡೆಯುವ ಆ ಸ್ಟೆಪ್ ಬ್ಯಾಕ್ ಒಂದನ್ನೂ ಹೊಡೆಯಲಿಲ್ಲ. ಬೋರ್ಡಿನ ಕೆಳಗೆ ಹೋಗಿ ಲೇ ಅಪ್, ಅಂದರೆ ಬುಟ್ಟಿಯ ಹತ್ತಿರದಿಂದಲೇ ಹಾಕುವ ಸುಲಭದ ಶಾಟ್, ಹಾಕತೊಡಗಿದ.

"ಅಣ್ಣಾ, ಹಾಗಲ್ಲ" ಅಂತ ಬಾಯಿ ತೆಗೆದೆ. ಅವರು ಬೂಟಿನ ಲೇಸ್ ಕಟ್ಟುತ್ತಾ "ನೀನೇ ಹೇಳ್ತಿದ್ಯಲ್ಲೋ ಇದನ್ನ" ಅಂದರು. ನನ್ನ ಬಾಯಿ ಕಟ್ಟಿಹೋಯಿತು.

ನಿಜ. ನಾನೇ ಹೇಳುತ್ತಿದ್ದೆ. ತೊಂಬತ್ತರ ದಶಕದಲ್ಲಿ ನನಗೆ ಬುಲ್ಸ್ ಹುಚ್ಚು ಎಷ್ಟಿತ್ತೆಂದು ಹಳೇ ಗೆಳೆಯರಿಗೆಲ್ಲ ಗೊತ್ತು. ಹತ್ತಿಪ್ಪತ್ತು ವರ್ಷ ಹೋದಲ್ಲೆಲ್ಲ ಇದೇ ಮಾತಾಡಿದೆ. ಆಮೇಲೊಂದು ಭಾನುವಾರ 1998ರ ಫೈನಲ್ಸ್‌ನ ಮೂರನೇ ಪಂದ್ಯವನ್ನು ಪೂರ್ತಿ ಕೂತು ಮತ್ತೆ ನೋಡಿದೆ. ಬುಲ್ಸ್ 96, ಯೂಟಾ ಜಾಝ್ 54. ನನ್ನ ನೆನಪಿನಲ್ಲಿ ಅದು ಡಿಫೆನ್ಸಿನ ಮಹಾಕಾವ್ಯವಾಗಿತ್ತು. ಬುಲ್ಸ್‌ನ ಪಿಪ್ಪೆನ್ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಾಝ್ ಆಟಗಾರರು ಎದುರಿಗೆ ಯಾರೂ ಇಲ್ಲದ ಶಾಟ್‌ಗಳನ್ನೂ ತಪ್ಪಿಸುತ್ತಿದ್ದರು, ಅದು ನನಗೆ ನೆನಪೇ ಇರಲಿಲ್ಲ. ಮರು ವರ್ಷ, 1998-99ರಲ್ಲಿ, ಇಡೀ ಲೀಗಿನಲ್ಲಿ ಒಂದು ತಂಡ ಒಂದು ಪಂದ್ಯಕ್ಕೆ ಗಳಿಸುತ್ತಿದ್ದ ಸರಾಸರಿ ಅಂಕ 92 ಕೂಡ ಮುಟ್ಟಲಿಲ್ಲ. ಈಗ ಅದು 110ರ ಮೇಲೆ. ಇದನ್ನು ತೋರಿಸಿದರೆ ಸಾಕು, "ಅದೇ ನೋಡು, ಈಗ ಡಿಫೆನ್ಸೇ ಇಲ್ಲ" ಅನ್ನುತ್ತಾರೆ.

ಡಿಫೆನ್ಸ್ ಅಂದರೆ ಏನು ಅಂತ ಸ್ವಲ್ಪ ಮಾತಾಡೋಣ. ಆ ಕಾಲದಲ್ಲಿ ಚೆಂಡು ಹಿಡಿದವನ ಸೊಂಟಕ್ಕೆ ಕೈಯಿಟ್ಟು ತಳ್ಳಬಹುದಿತ್ತು, ಒಪ್ಪಿದೆ. 2004-05ರಿಂದ ಅದನ್ನು ಬಿಗಿಯಾಗಿ ನಿಲ್ಲಿಸಿದರು. ಎಲ್ಲರೂ ಹೇಳುವುದು ಇದೊಂದನ್ನೇ. 2001ರವರೆಗೂ ಅಲ್ಲಿ 'ಇಲ್ಲೀಗಲ್ ಡಿಫೆನ್ಸ್' ಅಂತ ಇನ್ನೊಂದು ನಿಯಮವಿತ್ತು, ಅದನ್ನು ಯಾರೂ ಎತ್ತುವುದಿಲ್ಲ. ನಿನ್ನ ಆಟಗಾರನನ್ನು ಬಿಟ್ಟು ಸುಮ್ಮನೆ ಜಾಗ ಕಾಯುವ ಹಾಗಿರಲಿಲ್ಲ. ಒಂದೋ ನಿನ್ನವನ ಹತ್ತಿರ ಇರಬೇಕು, ಇಲ್ಲವೇ ಪೂರ್ತಿ ಬಿಟ್ಟು ಚೆಂಡು ಇರುವವನ ಮೇಲೆ ಹೋಗಬೇಕು. ಅದಕ್ಕೇ ಹಳೆಯ ಪಂದ್ಯಗಳಲ್ಲಿ ಇಬ್ಬರೋ ಮೂವರೋ ಕೋರ್ಟಿನ ಆಚೆ ಬದಿಯಲ್ಲಿ ಸುಮ್ಮನೆ ನಿಂತಿರುತ್ತಾರೆ, ಗಮನಿಸಿ ನೋಡಿ. ಅವರು ಶಾಟ್ ಹೊಡೆಯುವುದಿಲ್ಲ. ಎದುರಾಳಿಗಳನ್ನು ಅಲ್ಲಿಗೆ ಎಳೆದಿಟ್ಟುಕೊಳ್ಳುವುದಷ್ಟೇ ಅವರ ಕೆಲಸ. ಈ ಕಡೆ ಒಬ್ಬನಿಗೆ ಒಬ್ಬ. ಇವತ್ತು ಝೋನ್ ಇದೆ, ಅಂದರೆ ಆಟಗಾರನ ಬದಲು ಜಾಗ ಕಾಯಬಹುದು, ಐದೂ ಜನ ಒಬ್ಬರಿಗೊಬ್ಬರು ಕೂಗಿ ಹೇಳುತ್ತಾ ಜಾಗ ಬದಲಿಸುತ್ತಲೇ ಇರಬೇಕು. ಒಬ್ಬ ಅರ್ಧ ಕ್ಷಣ ತಡ ಮಾಡಿದರೆ ಮೂಲೆಯಲ್ಲಿರುವವನು ಮೂರು ಪಾಯಿಂಟ್ ಹಾಕಿಬಿಡುತ್ತಾನೆ. ಇದರಲ್ಲಿ ಶ್ರಮ ಕಮ್ಮಿಯೇ?

ಮೂರು ಪಾಯಿಂಟಿನ ಶಾಟ್ ಅತಿಯಾಯಿತು ಅನ್ನುವ ಮಾತು ನನಗೂ ಸ್ವಲ್ಪ ನಾಟುತ್ತದೆ. 1979-80ರಲ್ಲಿ ಆ ಗೆರೆ ಬಂದಾಗ ಒಂದು ತಂಡ ಒಂದು ಪಂದ್ಯದಲ್ಲಿ ಮೂರು ಸಲವೂ ಪ್ರಯತ್ನಿಸುತ್ತಿರಲಿಲ್ಲ, ಈಗ ಮೂವತ್ತೈದು ದಾಟಿದೆ. ತೊಂಬತ್ತರ ದಶಕದ ದಿಗ್ಗಜ ಹಕೀಮ್ ಒಲಾಜುವಾನ್ ಬುಟ್ಟಿಗೆ ಬೆನ್ನು ಕೊಟ್ಟು ನಿಂತು, ಭುಜ ಒಂದು ಕಡೆ ಆಡಿಸಿ ಕಾಲು ಇನ್ನೊಂದು ಕಡೆ ತಿರುಗಿಸುವುದನ್ನು ನೋಡಿ ಬೆಳೆದವನು ನಾನು. ಅದು ಕಮ್ಮಿಯಾಗಿದ್ದಕ್ಕೆ ಬೇಸರವಿದೆ. ಆದರೆ ಒಂದು ಬಗೆಯ ಆಟ ಕಮ್ಮಿಯಾಯಿತೆಂದರೆ ಪ್ರತಿಭೆಯೇ ಬತ್ತಿಹೋಯಿತು ಅಂತಲ್ಲ. ಏಳಡಿ ಹತ್ತಿರದ ನಿಕೋಲಾ ಯೋಕಿಚ್ ತಿರುಗಿಯೂ ನೋಡದೆ ತಲೆಯ ಹಿಂದಿನಿಂದ ಪಾಸ್ ಕೊಡುವುದನ್ನು ನೋಡಿಯೂ ಹಾಗೆ ಹೇಳುವವರ ಜೊತೆ ಏನು ಮಾತಾಡುವುದು?

ಯೋಕಿಚ್ ಸರ್ಬಿಯಾದವನು. ಯಾನಿಸ್ ಗ್ರೀಸಿನವನು, ಎಂಬೀಡ್ ಕ್ಯಾಮರೂನಿನಲ್ಲಿ ಹುಟ್ಟಿದವನು, ಶೇ ಗಿಲ್ಜಸ್ ಅಲೆಕ್ಸಾಂಡರ್ ಕೆನಡಾದವನು. 2019ರಿಂದ 2025ರವರೆಗಿನ ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ) ಪ್ರಶಸ್ತಿಗಳೆಲ್ಲ ಈ ನಾಲ್ವರಿಗೇ ಹೋದವು. 30 ತಂಡಗಳಾಗಿ ಪ್ರತಿಭೆ ತೆಳುವಾಯಿತು ಅನ್ನುವವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೊದಲು ಹೆಚ್ಚುಕಮ್ಮಿ ಒಂದೇ ದೇಶದಿಂದ ಆರಿಸುತ್ತಿದ್ದರು, ಈಗ ಇಡೀ ಜಗತ್ತಿನಿಂದ ಆರಿಸುತ್ತಾರೆ. ಇನ್ನು ಪೈಪೋಟಿ: 1980ರಿಂದ 1989ರವರೆಗಿನ ಹತ್ತೂ ಫೈನಲ್‌ಗಳಲ್ಲಿ ಲೇಕರ್ಸ್ ಅಥವಾ ಸೆಲ್ಟಿಕ್ಸ್ ಇದ್ದೇ ಇತ್ತು. 2019ರಿಂದ 2025ರವರೆಗೆ ಏಳು ವರ್ಷ, ಗೆದ್ದದ್ದು ಏಳು ಬೇರೆ ಬೇರೆ ತಂಡ.

ಸ್ಟಾರ್ ಆಟಗಾರರನ್ನು ವಿಶ್ರಾಂತಿ ಅಂತ ಕೂರಿಸುವುದು ನನಗೂ ಸಹಿಸದು. ಜೋರ್ಡಾನ್ ಒಂಬತ್ತು ಸೀಸನ್‌ಗಳಲ್ಲಿ 82ಕ್ಕೆ 82 ಪಂದ್ಯ ಆಡಿದ. ಸ್ಟಾರ್‌ಗಳೆಲ್ಲ ಸೇರಿ ಆಡುವ ಪ್ರದರ್ಶನ ಪಂದ್ಯ ಆಲ್‌ಸ್ಟಾರ್, 2024ರಲ್ಲಿ 211-186ಕ್ಕೆ ಮುಗಿಯಿತು; ನಾನು ಅರ್ಧದಲ್ಲೇ ಟಿವಿ ಆರಿಸಿದ್ದೆ. ಆದರೆ ಅದು 82 ಪಂದ್ಯಗಳ ವೇಳಾಪಟ್ಟಿಯ ಜಗಳ, ತಂಡ ನಡೆಸುವವರ ಜೊತೆಗಿನ ಜಗಳ. ಗೆಲ್ಲುವ ಹಸಿವೇ ಸತ್ತಿದೆ ಅನ್ನುವವರು 2025ರ ಫೈನಲ್ಸ್ ನೋಡಿಲ್ಲ.

ಮೊದಲ ಪಂದ್ಯ, ನಮಗೆ ಬೆಳಿಗ್ಗೆ ಆರಕ್ಕೆ. ಒಕ್ಲಹೋಮಾದ ಡಾರ್ಟ್, ಕರೂಸೊ, ವ್ಯಾಲೆಸ್ ಮೈಗೆ ಮೈ ಅಂಟಿಸಿ ಕಾದರು, ಇಂಡಿಯಾನಾ ಮೊದಲರ್ಧದಲ್ಲೇ 19 ಸಲ ಚೆಂಡು ಕಳೆದುಕೊಂಡಿತು. ಹದಿನೈದು ಅಂಕ ಹಿಂದಿದ್ದ ತಂಡ ಆ ಪಂದ್ಯದಲ್ಲಿ ಮೊದಲ ಸಲ ಮುಂದೆ ಬಂದದ್ದು 0.3 ಸೆಕೆಂಡ್ ಉಳಿದಿದ್ದಾಗ, ಹ್ಯಾಲಿಬರ್ಟನ್‌ನ ಶಾಟಿನಿಂದ. 111-110. ನಾನು ಕಿರುಚಿದ್ದಕ್ಕೆ ಮನೆಯವರೆಲ್ಲ ಎದ್ದರು.

ಅದೇ ಹ್ಯಾಲಿಬರ್ಟನ್ ಮೀನಖಂಡದ ಗಾಯ ಇಟ್ಟುಕೊಂಡೇ ಏಳನೇ ಪಂದ್ಯಕ್ಕಿಳಿದ. ಬಂದವನೇ ಮೂರು ಸಲ ಮೂರು ಪಾಯಿಂಟ್ ಹಾಕಿದ. ಆಮೇಲೆ ಮೊದಲ ಕ್ವಾರ್ಟರಿನಲ್ಲೇ, ಯಾರೂ ಮುಟ್ಟದೆ, ಹಿಮ್ಮಡಿಯ ಸ್ನಾಯುರಜ್ಜು ಹರಿದು ಬಿದ್ದ. ನೆಲಕ್ಕೆ ಅಂಗೈ ಬಡಿಬಡಿದು ಅಳುತ್ತಿದ್ದ. ಗಾಯ ಉಲ್ಬಣಿಸಬಹುದು ಅಂತ ಗೊತ್ತಿದ್ದೂ ಇಳಿದವನು ಅವನು. ಮೈ ಮುಟ್ಟಿದರೆ ಬೀಳುತ್ತಾರೆ ಅಂತ ಯಾರ ಬಗ್ಗೆ ಹೇಳುತ್ತಿದ್ದೀರಿ ಅಣ್ಣಾ?

ನಾಳೆ ಆರಕ್ಕೆ ಮುಂಚೆಯೇ ಕೋರ್ಟಿಗೆ ಹೋಗುತ್ತೇನೆ. ಆ ಹುಡುಗನ ಎದುರು ಡಿಫೆನ್ಸಿಗೆ ನಾನೇ ನಿಲ್ಲುತ್ತೇನೆ. ಅವನು ಹಿಂದಕ್ಕೆ ಜಿಗಿದಾಗ ಬಲಗಾಲು ಸ್ವಲ್ಪ ತಡವಾಗಿ ಬರುತ್ತಿದೆ, ಅದಕ್ಕೇ ಶಾಟ್ ಎಡಕ್ಕೆ ಹೋಗುತ್ತಿದೆ. ಅದೊಂದು ಸರಿಯಾದರೆ ಹತ್ತರಲ್ಲಿ ಐದು ಬೀಳುತ್ತವೆ.