ಫಿಲಂ ಸಪಾಟಾಗಿ ಕೂರದಿದ್ದರೆ ಏನಾಗುತ್ತದೆ?

ಕಳೆದ ತಿಂಗಳು ಲಾಲ್‌ಬಾಗ್‌ನಲ್ಲಿ ಒಂದು ರೋಲ್ ತೆಗೆದೆ. ಬೆಳಿಗ್ಗೆ ಮಂದ ಬೆಳಕಲ್ಲಿ ಎಫ್/1.8ರಲ್ಲಿ, ಅಂದರೆ ಲೆನ್ಸ್ ಕಿಂಡಿ ದೊಡ್ಡದಾಗಿ ತೆರೆದು, ತೆಗೆದ ಮರದ ಫೋಟೋಗಳೆಲ್ಲ ಬಲತುದಿಯಲ್ಲಿ ಮಸುಕು. ಬಿಸಿಲೇರಿದ ಮೇಲೆ ಗಾಜಿನ ಮನೆಯನ್ನು ಎಫ್/8ರಲ್ಲಿ, ಕಿಂಡಿ ಕಿರಿದಾಗಿಸಿ, ತೆಗೆದದ್ದು ಮಾತ್ರ ಮೂಲೆಮೂಲೆಯೂ ಶಾರ್ಪ್.

ಗೆಳೆಯರು ಲೆನ್ಸ್ ಹೋಗಿದೆ ಅಂದರು. ಬೇರೆ ಲೆನ್ಸ್ ಹಾಕಿದೆ. ಮತ್ತೆ ಅದೇ ಬಲತುದಿ. ಲೆನ್ಸ್ ಚಿತ್ರವನ್ನು ತಿರುವಿ ಹಾಕುತ್ತದೆ ಅಲ್ವಾ, ಹಾಗಾಗಿ ಕ್ಯಾಮೆರಾದ ಹಿಂಬಾಗಿಲು ತೆಗೆದು ಎಡಗಡೆ ನೋಡಿದೆ. ಫಿಲಂ ಜಾಗದ ಅಂಚಿನ ಉಬ್ಬು ಪಟ್ಟಿಗಳಲ್ಲಿ, ಅಂದರೆ ಹಳಿಗಳಲ್ಲಿ, ಹೊರಗಿನದರ ಮೇಲೆ ಫಿಲಂ ಚೂರೊಂದು ಅಂಟಿತ್ತು. ಯಾವಾಗಲೋ ಫಿಲಂ ಅಂಚಿನ ತೂತಿನ ಹತ್ತಿರ ಹರಿದು ಬಿದ್ದದ್ದು. ಸಾಸಿವೆ ಕಾಳಿನಷ್ಟೂ ಇಲ್ಲ.

35 ಎಂಎಂ ಕ್ಯಾಮೆರಾದಲ್ಲಿ ಸಾಮಾನ್ಯವಾಗಿ ಎರಡು ಜೊತೆ ಹಳಿ ಇರುತ್ತವೆ. ಒಳಗಿನದರ ಮೇಲೆ ಫಿಲಂ, ಹೊರಗಿನದರ ಮೇಲೆ ಪ್ರೆಷರ್ ಪ್ಲೇಟ್, ಅಂದರೆ ಹಿಂಬಾಗಿಲ ಒಳಗೆ ಸ್ಪ್ರಿಂಗ್ ಮೇಲೆ ಕೂತ ತಟ್ಟೆ. ಪ್ಲೇಟ್ ಫಿಲಂ ಅನ್ನು ಗಟ್ಟಿಯಾಗಿ ಅದುಮಿ ಹಿಡಿಯುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ. ಒಳಗಿನ ಹಳಿಗೂ ಪ್ಲೇಟಿಗೂ ನಡುವೆ ಸುಮಾರು 0.2 ಎಂಎಂ ಸಂದು ಬಿಟ್ಟಿರುತ್ತಾರೆ. ಫಿಲಂ ದಪ್ಪ ಸುಮಾರು 0.13 ಎಂಎಂ. ಫಿಲಂ ಸಲೀಸಾಗಿ ಜಾರಲಿ ಅಂತ ಆ ಜಾಗ. ಅಂದರೆ ಫಿಲಂ ಸ್ವಲ್ಪ ಬಾಗಿಯೇ ಇರುತ್ತದೆ.

ಈಗ ಲೆಕ್ಕ ನೋಡಿ. ಎಫ್/1.8ರಲ್ಲಿ ಫೋಟೋ ಮಸುಕಾಗದಂತೆ ಫಿಲಂ ಹಿಂದಕ್ಕೋ ಮುಂದಕ್ಕೋ ಸರಿಯಲು ಇರುವ ಅವಕಾಶ ಸುಮಾರು 0.05 ಎಂಎಂ. ಎಫ್/8ರಲ್ಲಿ 0.24. ಆ ಚೂರು ಪ್ಲೇಟನ್ನು ಒಂದು ಕಡೆ ಎತ್ತಿಬಿಟ್ಟಿತ್ತು, ಅಲ್ಲಿ ಫಿಲಂಗೆ 0.2 ಎಂಎಂ ಹಿಂದೆ ಹೋಗಲು ಜಾಗ ಸಿಕ್ಕಿತ್ತು. ಎಫ್/8 ಅದನ್ನು ನುಂಗಿಕೊಂಡಿತು, ಎಫ್/1.8ಗೆ ಆಗಲಿಲ್ಲ.

1990ರಲ್ಲಿ ಬಂದ ಕಾಂಟ್ಯಾಕ್ಸ್ ಆರ್‌ಟಿಎಸ್ 3ರಲ್ಲಿ ಗಾಳಿ ಎಳೆದು ಫಿಲಂ ಅನ್ನು ಪ್ಲೇಟಿಗೆ ಅಂಟಿಸುವ ಏರ್ಪಾಡಿತ್ತು. ತುಂಬಾ ಚೆಂದದ ಕೆಲಸ. ಆದರೆ ನಾವು ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. 120 ಎಂಬ ದೊಡ್ಡ ಫಿಲಂನಲ್ಲಿ ಫ್ರೇಮ್ ಅಗಲ, ಅಲ್ಲಿ ಈ ಚಿಂತೆ ನ್ಯಾಯ. ನಮ್ಮದು 24x36 ಎಂಎಂ ಅಷ್ಟೇ. ಬಿಸಿಲಲ್ಲಿ ಎಫ್/8ರಲ್ಲಿ ಬೀದಿ ಫೋಟೋ ತೆಗೆಯುವವರಿಗೆ ಇದು ಸಮಸ್ಯೆಯೇ ಅಲ್ಲ. ಲೆನ್ಸ್ ಪೂರ್ತಿ ತೆರೆದು ತೆಗೆಯುವವರು ಮಾತ್ರ ಸುಮ್ನೆ ಲೆನ್ಸ್ ಮಾರುವ ಮುಂಚೆ ಹಳಿ ಒರೆಸಿ, ಪ್ಲೇಟನ್ನು ಬೆರಳಲ್ಲಿ ಒತ್ತಿ ನೋಡಿ. ಸ್ಪ್ರಿಂಗ್ ಎಲ್ಲ ಕಡೆ ಒಂದೇ ಸಮ ವಾಪಸ್ ಬರಬೇಕು.

ಚೂರು ತೆಗೆದು ಮತ್ತೆ ಲಾಲ್‌ಬಾಗ್‌ಗೆ ಹೋದೆ. ಅದೇ ಮರ, ಅದೇ ಎಫ್/1.8. ಈ ಸಲ ಬಲತುದಿಯ ತೊಗಟೆಯ ಬಿರುಕುಗಳೂ ಎಣಿಸುವ ಹಾಗೆ ಬಂದಿವೆ.