ಕಾಯಿ ನಿಂತ ಜಾಗ

ನಮ್ಮ ಚಳ್ಳಕೆರೆ ಕಡೆ ಗುಂಡಿ ತೋಡಿ, ನೀರು ಬರಲಿಲ್ಲ ಎಂದು ಯಾರೂ ತಲೆ ಮೇಲೆ ಕೈ ಹೊತ್ತು ಕೂರದೇ ಇದ್ದದ್ದು ಒಂದೇ ಸಲ. ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋದವರು ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿಸಿ, ಮೇಲೆ ವಿಮಾನ ಹಾರಿಸಿ, ಲ್ಯಾಂಡರಿನ ಸೆನ್ಸರ್‌ಗಳಿಗೆ ಅಭ್ಯಾಸ ಮಾಡಿಸಿದರು. ಮಿಕ್ಕ ಗುಂಡಿಗಳೆಲ್ಲ ಬೋರ್‌ವೆಲ್‌ನವು.

ವಿಜ್ಞಾನಕ್ಕೆ ನಮ್ಮಲ್ಲಿ ಜಾಗದ ಕೊರತೆಯಿಲ್ಲ. ಕುರಿ ಮೇಯುತ್ತಿದ್ದ ಅಮೃತ್ ಮಹಲ್ ಕಾವಲಿನಲ್ಲಿ ಈಗ ದೊಡ್ಡ ದೊಡ್ಡ ಸಂಸ್ಥೆಗಳ ಕಾಂಪೌಂಡುಗಳಿವೆ. 2023ರ ಏಪ್ರಿಲ್ 2ರಂದು ಅಲ್ಲೇ ಇಸ್ರೋದವರು ರೆಕ್ಕೆಯ ಗಗನನೌಕೆಯನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಹೆಲಿಕಾಪ್ಟರಿನಿಂದ ಬಿಟ್ಟರು. ಅದು ತಾನೇ ದಾರಿ ನೋಡಿಕೊಂಡು ಬಂದು ರನ್‌ವೇ ಮೇಲೆ ಇಳಿಯಿತು. ಇಳಿಯುವ ಜಾಗ ಯಾವುದು ಎಂದು ಅದು ಯಾವ ಮೆಂಬರನ್ನೂ ಕೇಳಲಿಲ್ಲ. ಅಲ್ಲಿಂದ ಸ್ವಲ್ಪವೇ ದೂರದ ನಮ್ಮೂರಲ್ಲಿ ಒಂದು ಬೋರ್ ಪಾಯಿಂಟ್ ಗೊತ್ತು ಮಾಡಲು ಹದಿನೆಂಟು ದಿನ ಬೇಕಾಯಿತು.

ಮೊದಲು ಭೂವಿಜ್ಞಾನಿ ಬಂದರು. ನಾಲ್ಕು ಕಬ್ಬಿಣದ ಸರಳು ನೆಲಕ್ಕೆ ಬಡಿದು, ಕರೆಂಟ್ ಬಿಟ್ಟು, ಮೀಟರ್ ನೋಡಿ ಬರೆದುಕೊಂಡರು. ಕೊನೆಗೆ ಸ್ಮಶಾನದ ಮೂಲೆಯಲ್ಲಿ ಒಂದು ಕಲ್ಲು ನೆಟ್ಟು ಹೋದರು. ಸ್ಮಶಾನದ ನೀರು ಯಾರು ಕುಡಿತಾರೆ ಎಂದು ಗಲಾಟೆಯಾಯಿತು. ಕಾಯಿ ಹಿಡಿಯುವವರನ್ನು ಕರೆಸಿದರು. ಅಂಗೈ ಮೇಲೆ ಮಲಗಿಸಿದ ತೆಂಗಿನಕಾಯಿ ಎದ್ದು ನಿಂತರೆ ಅಲ್ಲಿ ನೀರು. ಕಾಯಿ ಊರೆಲ್ಲ ಸುತ್ತಿತು. ದೇವಸ್ಥಾನದ ಹತ್ತಿರ ಸ್ವಲ್ಪ ಅಲ್ಲಾಡಿತು. ನಮ್ಮ ಮೆಂಬರ್ ಮನೆ ಮುಂದೆ ಬಂದದ್ದೇ ತಡ, ಸೆಲ್ಯೂಟ್ ಹೊಡೆದಂತೆ ನಿಂತುಬಿಟ್ಟಿತು. ಗ್ರಾಮಸಭೆಯಲ್ಲಿ ಎಲ್ಲರೂ ಕೈ ಎತ್ತಿದರು. ನೆಲದ ಕೆಳಗಿನ ನೀರು ಬಹುಮತದಿಂದ ಪಾಸಾಯಿತು.

ಇದು ನಮ್ಮೂರ ದಡ್ಡತನ ಎಂದು ನಗಬೇಡಿ. 1897ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಕೆಳಮನೆಯಲ್ಲಿ ವೃತ್ತದ ಸುತ್ತಳತೆ ಲೆಕ್ಕ ಹಾಕುವ ಪೈ ಬೆಲೆಯನ್ನು 3.14ರ ಬದಲು 3.2 ಮಾಡಿಬಿಡುವಂಥ ಮಸೂದೆಗೆ 67 ಜನ ಕೈ ಎತ್ತಿದ್ದರು. ವಿರೋಧ ಸೊನ್ನೆ. ಬೇರೇನೋ ಕೆಲಸಕ್ಕೆಂದು ಅಲ್ಲಿಗೆ ಬಂದಿದ್ದ ಗಣಿತದ ಪ್ರೊಫೆಸರ್ ಒಬ್ಬರು ಕೇಳಿ ಗಾಬರಿಯಾಗಿ ಮೇಲ್ಮನೆಯವರಿಗೆ ಪಾಠ ಹೇಳಿದ್ದರಿಂದ ಚಕ್ರಗಳು ಇವತ್ತಿಗೂ ದುಂಡಗಿವೆ. ನಮ್ಮ ಗ್ರಾಮಸಭೆ ಹೊತ್ತಿಗೆ ಆ ದಾರಿಯಲ್ಲಿ ಯಾವ ಪ್ರೊಫೆಸರೂ ಹಾದುಹೋಗಲಿಲ್ಲ.

ಭೂವಿಜ್ಞಾನಿ ಮಾತ್ರ ಒಂದು ಮಾತು ಆಡಿದರು. "ಸಾರ್, ನನ್ನ ವರದಿ ಸ್ಮಶಾನಕ್ಕಿದೆ." ಸೋವಿಯತ್ ದೇಶದಲ್ಲಿ ಲೈಸೆಂಕೊ ಎಂಬುವನ ಬೀಜದ ಸಿದ್ಧಾಂತ ಸ್ಟಾಲಿನ್‌ಗೆ ಹಿಡಿಸಿತ್ತು. ಒಪ್ಪದ ವಾವಿಲೋವ್ ಎಂಬ ದೊಡ್ಡ ಸಸ್ಯವಿಜ್ಞಾನಿಯನ್ನು 1940ರಲ್ಲಿ ಹಿಡಿದರು, 1943ರಲ್ಲಿ ಅವರು ಜೈಲಿನಲ್ಲೇ ಸತ್ತರು. ನಮ್ಮವರು ಅಷ್ಟು ಕ್ರೂರಿಗಳಲ್ಲಪ್ಪ. ವರದಿಯಲ್ಲಿ 'ಸ್ಮಶಾನ' ಅಂತ ಇದ್ದಲ್ಲಿ 'ಸಾರ್ವಜನಿಕರ ಕೋರಿಕೆಯಂತೆ' ಎಂದು ತಿದ್ದಿಸಿಕೊಂಡರು, ಅಷ್ಟೇ.

ರಿಗ್ ಲಾರಿ ಬಂತು. ಪೂಜೆಯಾಯಿತು. ಅದೇ ಕಾಯಿ ಒಡೆದರು. ನೋಡಿ, ಅದರಲ್ಲಿ ನೀರಿತ್ತು. ಆರುನೂರು ಅಡಿ ಇಳಿದರೂ ಬೋರಿನಿಂದ ಬಂದದ್ದು ಬರೀ ಧೂಳು.

ಹಳೆಯ ಹ್ಯಾಂಡ್‌ಪಂಪೇ ಗತಿ ಆಯಿತು. ಅದಕ್ಕೊಂದು ಕಥೆಯಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದ ಫ್ಲೋರೈಡ್ ಅದರಲ್ಲಿ ಜಾಸ್ತಿ ಇದೆ, ಕುಡಿಯಬೇಡಿ ಎಂದು ಒಮ್ಮೆ ಕೆಂಪು ಬಣ್ಣ ಬಳಿದಿದ್ದರು. ಜಾತ್ರೆಗೆ ಊರು ಚಂದ ಮಾಡುವಾಗ ಯಾರೋ ಹಸಿರು ಬಳಿದರು. ಫ್ಲೋರೈಡ್ ಹೋಯಿತು! ಲಂಡನ್ನಿನವರೂ ಇದರಲ್ಲಿ ಕಡಿಮೆಯಿಲ್ಲ. 1854ರಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಎಂಬ ಡಾಕ್ಟರು ಮನೆಮನೆ ತಿರುಗಿ, ಸತ್ತವರಲ್ಲಿ ಹೆಚ್ಚಿನವರು ಬ್ರಾಡ್ ಸ್ಟ್ರೀಟಿನ ಪಂಪಿನ ನೀರು ಕುಡಿದವರು ಎಂದು ಲೆಕ್ಕ ಹಾಕಿದರು. ಪಂಪಿನ ಹ್ಯಾಂಡಲ್ ಬಿಚ್ಚಿಸಿದ್ದೂ ಆಯಿತು. ಆಮೇಲೆ ಸರ್ಕಾರದ ಸಮಿತಿ ಕೂತು ಅವರ ಮಾತು ನಂಬುವಂಥದ್ದಲ್ಲ ಎಂದಿತು. ಹ್ಯಾಂಡಲ್ ವಾಪಸ್ ಬಂತು. ಹಸಿರು ಬಣ್ಣ ಬಳಿದರೋ ಇಲ್ಲವೋ.

ಭೂಮಿಯ ನೀರು ಕೈಕೊಟ್ಟರೆ ಆಕಾಶದ್ದು. 2019ರಲ್ಲಿ ಜೂನ್ 6ಕ್ಕೆ ಪರ್ಜನ್ಯ ಹೋಮ ಮಾಡಿ ಎಂದು ಮುಜರಾಯಿ ದೇವಸ್ಥಾನಗಳಿಗೆ ಸುತ್ತೋಲೆ ಬಂತು. ಅದೇ ವರ್ಷ ಮೋಡಕ್ಕೆ ರಾಸಾಯನಿಕ ಬಿತ್ತಲು ವಿಮಾನವೂ ಹಾರಿತು. ಒಂದು ತಾಲ್ಲೂಕಿಗೆ ಹೋಮ, ಪಕ್ಕದ್ದಕ್ಕೆ ವಿಮಾನ, ಮೂರನೆಯದನ್ನು ಸುಮ್ನೆ ಬಿಟ್ಟಿದ್ದರೆ ಯಾವುದರಿಂದ ಮಳೆ ಎಂದು ಗೊತ್ತಾಗುತ್ತಿತ್ತು. ಸುಮ್ನೆ ಬಿಟ್ಟ ತಾಲ್ಲೂಕಿನಲ್ಲೇ ಸುರಿದುಬಿಟ್ಟರೆ? ಆ ಅಪಾಯ ಯಾರಿಗೆ ಬೇಕು? 1933ರಲ್ಲಿ ಕೋಡಿ ಬಿದ್ದಿದ್ದ ನಮ್ಮ ಮಾರಿಕಣಿವೆ ಅಣೆಕಟ್ಟು 89 ವರ್ಷದ ನಂತರ 2022ರಲ್ಲಿ ಮತ್ತೆ ಕೋಡಿ ಬಿತ್ತು. ಮೋಡವನ್ನು ಯಾರೂ ನೆನೆಯಲಿಲ್ಲ. ನೀರು ತಂದವರ ಫೋಟೋಗಳೆಲ್ಲ ಫ್ಲೆಕ್ಸಿನಲ್ಲಿದ್ದವು.

ಮೊನ್ನೆ ಬೆಳಗಿನ ಜಾವ ವಾಕಿಂಗ್ ಹೋಗಿದ್ದೆ. ಮೆಂಬರ್ ಅವರ ಅಡಿಕೆ ತೋಟದಲ್ಲಿ ನಾಲ್ಕು ಕಬ್ಬಿಣದ ಸರಳು ನೆಟ್ಟಿದ್ದವು. ಅದೇ ಭೂವಿಜ್ಞಾನಿ ಮೀಟರ್ ನೋಡುತ್ತಿದ್ದರು. ವಾರದೊಳಗೆ ಬೋರ್ ಕೊರೆದರು. ಮೂರು ಇಂಚು ನೀರು.

"ಏನಣ್ಣಾ, ಇಲ್ಲಿ ಕಾಯಿ ಹಿಡಿಸಲಿಲ್ವಾ?" ಎಂದೆ.

ಮೆಂಬರ್ ನನ್ನನ್ನು ಮಗುವಿನಂತೆ ನೋಡಿದರು. "ಏ, ಇದು ಸ್ವಂತ ದುಡ್ಡು ಕಣಯ್ಯಾ."