‘ಚಾಲ್ತಿ ದರ’ ಅಂದರೆ ಯಾರ ದರ?

ಇದೆಲ್ಲ ಶುರುವಾದದ್ದು ಜುಲೈ ತಿಂಗಳ ಬಿಲ್ಲಿನಿಂದ. ಪುಣೆಯಲ್ಲಿ ನಾವಿರುವ ಸೊಸೈಟಿಗೆ ಈ ವರ್ಷ ನಾನೇ ಖಜಾಂಚಿ. (ಬೇರೆ ಯಾರೂ ಒಪ್ಪಲಿಲ್ಲ, ಮೀಟಿಂಗಿಗೆ ತಡವಾಗಿ ಹೋದವನ ತಲೆಗೆ ಕಟ್ಟಿದರು.) ಮೆಟ್ಟಿಲು ಒರೆಸುವುದು, ಕಸ ಎತ್ತುವುದು ಎಲ್ಲ ಒಂದು ಏಜೆನ್ಸಿಯ ಗುತ್ತಿಗೆ. ಬಿಲ್ಲು ಜೂನ್‌ಗಿಂತ ಜಾಸ್ತಿ ಬಂದಿತ್ತು. ಕಾರಣ ಏನು ಅಂತ ನೋಡಿದರೆ, ‘ಚಾಲ್ತಿ ದರದಲ್ಲಿ ಏರಿಕೆ’.

ಸರಿ, ಏರಿದ್ದು ನಿಜ. ಮಹಾರಾಷ್ಟ್ರದಲ್ಲಿ ಕನಿಷ್ಠ ವೇತನದ ಜೊತೆಗಿನ ವಿಶೇಷ ಭತ್ಯೆ ಜನವರಿ ಮತ್ತು ಜುಲೈನಲ್ಲಿ ಬದಲಾಗುತ್ತದೆ. ಸಹಿ ಹಾಕಿದೆ. ಮಾರನೇ ದಿನ ಮೆಟ್ಟಿಲ ಹತ್ತಿರ, ಅದನ್ನು ಒರೆಸುವ ನಮ್ಮ ಯಾದಗಿರಿ ಕಡೆಯ ಅಕ್ಕ ಸಿಕ್ಕರು. ಸುಮ್ನೆ ಮಾತಿಗೆ, “ಅಕ್ಕಾರ, ಈ ತಿಂಗಳು ಪಗಾರ ಹೆಚ್ಚಾಗಿರಬೇಕಲ್ರೀ?” ಅಂದೆ. “ಎಲ್ಲಿ ಹೆಚ್ಚಾಗ್ತದರೀ ಅಣ್ಣಾರ, ಹ್ವಾದ ವರ್ಷ ಎಷ್ಟಿತ್ತೋ ಈಗೂ ಅಷ್ಟ ಐತಿ” ಅಂದರು.

ಮನೆಗೆ ಬಂದು ಕರಾರು ತೆಗೆದು ಓದಿದೆ. ಹನ್ನೊಂದು ಪುಟ. ಬ್ಲೀಚಿಂಗ್ ಪೌಡರ್ ಎಷ್ಟು ಕಿಲೋ, ಪೊರಕೆ ಎಷ್ಟು ಅಂತೆಲ್ಲ ಬರೆದಿದೆ. ಸಂಬಳಕ್ಕೆ ಮಾತ್ರ ಒಂದೇ ಸಾಲು: ‘ಕೆಲಸಗಾರರಿಗೆ ಚಾಲ್ತಿ ದರದಂತೆ ವೇತನ ಕೊಡತಕ್ಕದ್ದು’. ಏಜೆನ್ಸಿಯ ಮ್ಯಾನೇಜರ್‌ಗೆ ಫೋನ್ ಮಾಡಿದೆ. ಆತ ತಡವರಿಸಲೇ ಇಲ್ಲ. “ಚಾಲ್ತಿ ದರಾನೇ ಕೊಡ್ತಿದ್ದೀವಿ ಸಾಹೇಬ್, ಅಡ್ಡಾದಲ್ಲಿ ಬೇಕಾದ್ರೆ ಕೇಳಿ ನೋಡಿ.” ನಮ್ಮಿಂದ ವಸೂಲು ಮಾಡುವಾಗ ಚಾಲ್ತಿ ದರ ಅಂದರೆ ಸರ್ಕಾರದ್ದು. ಅಕ್ಕನಿಗೆ ಕೊಡುವಾಗ ಅಡ್ಡಾದ್ದು. ಶಬ್ದ ಒಂದೇ, ಕೊಳ್ಳಲು ಒಂದು ಸೇರು, ಅಳೆದು ಕೊಡಲು ಇನ್ನೊಂದು.

ಅಡ್ಡಾ ಅಂದರೆ ಮಜೂರ ಅಡ್ಡಾ. ಬೆಳಗಾದರೆ ಚೌಕಗಳಲ್ಲಿ ಬುತ್ತಿ ಹಿಡಿದು ನಿಲ್ಲುತ್ತಾರಲ್ಲ, ಅದು. ಕಲಬುರಗಿ, ಯಾದಗಿರಿ, ನಮ್ಮ ವಿಜಯಪುರದ ಮಾತು ಕಿವಿಗೆ ಬೀಳುವ ಜಾಗ. ಅಲ್ಲಿ ಎಂಟು ಗಂಟೆಗೆ ಒಂದು ರೇಟು. ಹತ್ತಾಯಿತು, ಗಾಡಿಗಳು ಬರುವುದು ನಿಂತಿತು ಅಂದರೆ ಇನ್ನೊಂದು. ಬುತ್ತಿ ಕಟ್ಟಿಕೊಂಡು ಬಂದವರು ಬರಿಗೈಯಲ್ಲಿ ವಾಪಸ್ ಹೋಗುವುದಕ್ಕಿಂತ ಇರಲಿ ಅಂತ ಒಪ್ಪುತ್ತಾರೆ. ಹಾಗಾದರೆ ಚಾಲ್ತಿ ದರ ಯಾವುದು? ಎಂಟು ಗಂಟೆಯದೋ ಹತ್ತು ಗಂಟೆಯದೋ?

ಈ ತಲೆನೋವು ಅಮೆರಿಕದವರಿಗೆ ಮೊದಲೇ ಬಂದಿತ್ತು. ಅಲ್ಲಿ 1931ರಲ್ಲಿ ಡೇವಿಸ್-ಬೇಕನ್ ಕಾಯ್ದೆ ಬಂತು. ಹಿನ್ನೆಲೆ ನಮಗೆ ಪರಿಚಿತವೇ. ಅಲಬಾಮಾದ ಗುತ್ತಿಗೆದಾರನೊಬ್ಬ ಕಡಿಮೆ ಕೂಲಿಯ ಆಳುಗಳನ್ನು ಕರೆತಂದು ನ್ಯೂಯಾರ್ಕ್ ಕಡೆ ಸರ್ಕಾರಿ ಆಸ್ಪತ್ರೆ ಕಟ್ಟಿಸಿದ. ಊರಿನವರಿಗೆ ಕೆಲಸವೂ ಇಲ್ಲ, ಕೂಲಿಯೂ ಇಲ್ಲ. (ಹೀಗೆ ಬಂದ ಆಳುಗಳಲ್ಲಿ ಕಪ್ಪು ಜನರೇ ಹೆಚ್ಚು. ಅವರ ಮೇಲಿನ ಅಸಹನೆಯೂ ಆಗಿನ ಚರ್ಚೆಯಲ್ಲಿತ್ತು, ಅದನ್ನು ಮುಚ್ಚಿಡಬಾರದು.) ಈಗ 2000 ಡಾಲರ್ ದಾಟಿದ ಫೆಡರಲ್ ಕಟ್ಟಡ ಗುತ್ತಿಗೆಗೆಲ್ಲ ಆ ಪ್ರದೇಶದ ಚಾಲ್ತಿ ಕೂಲಿ ಕೊಡಲೇಬೇಕು. ‘ಚಾಲ್ತಿ’ ಅಂದರೆ ಏನು ಅಂತ ಅಲ್ಲಿ ಲೆಕ್ಕವೇ ಇದೆ. ಅರ್ಧಕ್ಕಿಂತ ಹೆಚ್ಚು ಜನರಿಗೆ ಸಿಗುವ ದರ. ಅಂಥದ್ದು ಇಲ್ಲದಿದ್ದರೆ ಕನಿಷ್ಠ ಶೇ. 30 ಜನರಿಗೆ ಸಿಗುವ ದರ. ಅದೂ ಇಲ್ಲದಿದ್ದರೆ ಸರಾಸರಿ. ಆ 30ರ ನಿಯಮವನ್ನು 1980ರ ದಶಕದಲ್ಲಿ ತೆಗೆದುಹಾಕಿ, 2023ರಲ್ಲಿ ವಾಪಸ್ ತಂದರು. ಒಂದು ಶಬ್ದದ ಅರ್ಥಕ್ಕೆ ನಲವತ್ತು ವರ್ಷ ಜಗಳ! ಕೊನೆಗೆ ಆ ದರದ ಪಟ್ಟಿ ಕರಾರಿನ ಭಾಗವೇ ಆಗುತ್ತದೆ. ಕೆಲಸದ ಜಾಗದಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸಲೂಬೇಕು.

ನಮ್ಮಲ್ಲಿ ಶಬ್ದಗಳಿಗೆ ಬರ ಇಲ್ಲ. 1948ರಲ್ಲಿ ನೇಮಿಸಿದ ನ್ಯಾಯೋಚಿತ ವೇತನ ಸಮಿತಿ ಮೂರು ಮೆಟ್ಟಿಲು ಹೇಳಿತು. ಕೆಳಗೆ ಕನಿಷ್ಠ ವೇತನ, ಮೇಲೆ ಘನತೆಯಿಂದ ಬದುಕುವಷ್ಟು ವೇತನ, ನಡುವೆ ನ್ಯಾಯೋಚಿತ ವೇತನ. ಇನ್ನು ಕೇಂದ್ರ ಲೋಕೋಪಯೋಗಿ ಇಲಾಖೆ ಬಳಸುತ್ತಿದ್ದ ಕರಾರು ನೋಡಿ. ಗುತ್ತಿಗೆದಾರ ‘ಫೇರ್ ವೇಜಸ್’, ಅಂದರೆ ನ್ಯಾಯೋಚಿತ ವೇತನ, ಕೊಡಬೇಕು ಅಂತಿತ್ತು. ಓಹೋ ಅನ್ನಿಸುತ್ತದೆ. ಅದರ ಅರ್ಥ ಹುಡುಕಿದರೆ, ಹಳೆಯ ಕನಿಷ್ಠ ವೇತನ ಕಾಯ್ದೆಯಡಿ ನಿಗದಿಯಾದದ್ದು ಅಂತ! ನಡುವಿನ ಮೆಟ್ಟಿಲಿನ ಬೋರ್ಡನ್ನು ಕೆಳಗಿನ ಮೆಟ್ಟಿಲಿಗೆ ಹೊಡೆದಿದ್ದಾರೆ.

ದರ ಗೊತ್ತಾದರೂ ಭಾಗಾಕಾರ ಬಾಕಿ ಇರುತ್ತದೆ. ತಿಂಗಳಿಗೆ 13,000 ಅಂತಿಟ್ಟುಕೊಳ್ಳಿ. ವಾರದ ರಜೆ ಬಿಟ್ಟು 26ರಿಂದ ಭಾಗಿಸಿದರೆ ದಿನಕ್ಕೆ 500. ಮೂವತ್ತರಿಂದ ಭಾಗಿಸಿದರೆ 433. ನಮ್ಮ ಏಜೆನ್ಸಿ ರಜೆ ಕಡಿತಕ್ಕೆ 26, ವಾರದ ರಜೆಯಲ್ಲಿ ಕರೆಸಿ ದುಡಿಸಿದ ದಿನಕ್ಕೆ 30 ಹಿಡಿಯುತ್ತಿತ್ತು. ನಾನು ಕಾರ್ಖಾನೆಯಲ್ಲಿ ಖರ್ಚಿನ ಲೆಕ್ಕ ಹಾಕುವ (ಕಾಸ್ಟಿಂಗ್) ಕೆಲಸ ಮಾಡುವವನು, ಇದನ್ನು ಕಂಡು ಸಿಟ್ಟಿಗಿಂತ ಮೊದಲು ನಗು ಬಂತು. ‘ವೇತನ’ದೊಳಗೆ ಏನೇನು ಸೇರುತ್ತದೆ ಅನ್ನುವುದು ಇನ್ನೊಂದು ಗಂಟು. ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನೂ ವೇತನ ಅಂತಲೇ ಎಣಿಸಬೇಕು ಅಂತ 2019ರ ವೇತನ ಸಂಹಿತೆ ಹೇಳುತ್ತದೆ. ಪಿಎಫ್, ಗ್ರಾಚ್ಯುಯಿಟಿ ಲೆಕ್ಕ ನಿಲ್ಲುವುದೇ ಇಂಥ ಸಾಲಿನ ಮೇಲೆ.

ಅಂಕಿ ಬರೆದುಬಿಟ್ಟರೆ ಮುಗಿಯಿತಾ? ಅದೂ ಇಲ್ಲ. ದೆಹಲಿ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಟ್ಟಡಗಳ ಕೆಲಸದಲ್ಲಿ ದಿನದ ಕನಿಷ್ಠ ಕೂಲಿ 9 ರೂಪಾಯಿ 25 ಪೈಸೆ ಅಂತ ಸ್ಪಷ್ಟವಾಗಿಯೇ ಇತ್ತು. ನಡುವೆ ಆಳು ಕರೆತರುವ ಜಮಾದಾರರು ತಲೆಗೆ ಒಂದೊಂದು ರೂಪಾಯಿ ಕಮಿಷನ್ ಹಿಡಿಯುತ್ತಿದ್ದರು. ಕನಿಷ್ಠಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಬಲವಂತದ ದುಡಿಮೆಯೇ ಅಂತ 1982ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದ್ದರಿಂದ ಎಷ್ಟು ಅಂತ ಬರೆದರೆ ಸಾಲದು, ಯಾರ ಖಾತೆಗೆ ಅನ್ನುವುದನ್ನೂ ಬರೆಯಬೇಕು.

ನಮ್ಮ ಕರಾರಿನ ಹೊಸ ಕರಡು ನಾನೇ ಬರೆದಿದ್ದೇನೆ. ‘ಚಾಲ್ತಿ’ ಪದ ತೆಗೆದಿದ್ದೇನೆ. ಯಾವ ಅಧಿಸೂಚನೆ, ಯಾವ ವಲಯ, ಕುಶಲವೋ ಅಕುಶಲವೋ, ಎಲ್ಲ ಇದೆ. ಭತ್ಯೆ ಏರಿದ ತಿಂಗಳೇ ಅದು ಕೆಲಸಗಾರರ ಖಾತೆಗೆ ಹೋಗಬೇಕು, ಆ ಚೀಟಿ ತೋರಿಸಿದರೆ ಮಾತ್ರ ನಮ್ಮ ಚೆಕ್ಕು. ಭಾಗಿಸುವುದು ಎರಡೂ ಕಡೆ 26ರಿಂದ. “ಮೇಂಟೆನೆನ್ಸ್ ಹೆಚ್ಚಾಗಲ್ವಾ?” ಅಂತ ಬಿ ವಿಂಗ್‌ನ ಕಾಕಾ ಕೇಳಿದರು. ಹೆಚ್ಚಾದ ದುಡ್ಡನ್ನು ನಾವು ಜುಲೈನಿಂದಲೇ ಕೊಡುತ್ತಿದ್ದೇವೆ ಕಾಕಾ, ಅಕ್ಕನಿಗೆ ಮುಟ್ಟಿಲ್ಲ ಅಷ್ಟೇ ಅಂದೆ.

ದರದ ಪಟ್ಟಿಯನ್ನು ಕನ್ನಡ, ಮರಾಠಿ ಎರಡರಲ್ಲೂ ವಾಚ್‌ಮನ್ ಕ್ಯಾಬಿನ್ ಗೋಡೆಗೆ ಅಂಟಿಸಬೇಕು ಅಂತಲೂ ಒಂದು ಸಾಲು ಹಾಕಿದ್ದೇನೆ. ಮ್ಯಾನೇಜರ್ ಮಿಕ್ಕದ್ದಕ್ಕೆಲ್ಲ ಹೂಂ ಅಂದರು. ಅದೊಂದಕ್ಕೆ ಮಾತ್ರ, “ನೋಡೋಣ ಸಾಹೇಬ್” ಅಂದಿದ್ದಾರೆ.